ಬಾಯಿ ತೆರೆಯಿರಿ, ಬೀಗರೇ

ಬೀಗರ ಜೊತೆ ಕೂತು ಉಣ್ಣುವುದಕ್ಕೆ ಒಂದು ರೀತಿ-ರಿವಾಜು ಉಂಟು. ಎಷ್ಟೇ ಹಸಿವಿದ್ದರೂ ಎರಡು ಸಲ ಬೇಡ ಅನ್ನಬೇಕು. ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿದು, ಹೋಳಿಗೆ ಬೀಳುವಷ್ಟು ಜಾಗ ಮಾತ್ರ ಬಿಟ್ಟಿರಬೇಕು. ಮಗಳ ಮದುವೆಯಾಗಿ ಇಷ್ಟು ವರ್ಷವಾದರೂ ನಾನಾಗಲಿ, ಧಾರವಾಡದ ನಮ್ಮ ಬೀಗರಾಗಲಿ ಒಬ್ಬರೆದುರು ಇನ್ನೊಬ್ಬರು ಆಕಳಿಸಿದವರಲ್ಲ. ಅಂಥ ನಮ್ಮಿಬ್ಬರನ್ನು ಟೆಕ್ಸಸ್ಸಿನ ಫ್ರಿಸ್ಕೊದಲ್ಲಿ, ಮೊಮ್ಮಗನ ಹುಟ್ಟುಹಬ್ಬದ ನೆಪದಲ್ಲಿ, ಜಪಾನಿ ಹಿಬಾಚಿ ಹೋಟೆಲಿಗೆ ಕರೆದೊಯ್ದು ಎದುರುಬದುರು ಕೂರಿಸಿದರು.

ಅಲ್ಲಿ ಮೇಜು ಎನ್ನುವುದೇ ಹೆಚ್ಚುಕಡಿಮೆ ಒಂದು ಕಾವಲಿ. ಮೂರು ಬದಿಗೆ ಉಣ್ಣುವವರು, ನಾಲ್ಕನೆಯದು ಅಡುಗೆಯವನದು. ನಾವು ಏಳು ಜನ. ಎಂಟನೆಯ ಕುರ್ಚಿಗೆ ಗುರುತು ಪರಿಚಯವಿಲ್ಲದ ಒಬ್ಬ ಅಜ್ಜನನ್ನು ತಂದು ಕೂರಿಸಿದರು. ಕೌಬಾಯ್ ಹ್ಯಾಟು, ಬೆಲ್ಟಿಗೆ ಅಂಗೈಯಗಲದ ಬಕಲ್. ಅವನಿಗೆ ಸ್ಟೇಕ್ ಮತ್ತು ಸೀಗಡಿ, ನಮಗೆ ತೋಫು ಮತ್ತು ತರಕಾರಿ. ಎಲ್ಲವೂ ಬೇಯುವುದು ಅದೇ ಕಾವಲಿಯ ಮೇಲೆ! ನನ್ನ ಹೆಂಡತಿ ಇದನ್ನು ನೋಡಿದ ತಕ್ಷಣ ನೆಟ್ಟಗೆ ಕೂತಳು. ತರಕಾರಿ ಮೊದಲು ಬೇಯಬೇಕು, ಬೇರೆ ಮೂಲೆಯಲ್ಲಿ, ಬೇರೆ ಸಟ್ಟುಗದಲ್ಲಿ ಎಂದು ಮಗಳು ಮುಂಚೆಯೇ ಫೋನಿನಲ್ಲಿ ಹೇಳಿಟ್ಟಿದ್ದಳಂತೆ. ಆದರೂ ಆ ಗಡಿ ಕಾಯುವ ಕೆಲಸವನ್ನು ಇವಳು ಯಾರೂ ಒಪ್ಪಿಸದೆ ತಾನೇ ವಹಿಸಿಕೊಂಡಳು. ಊಟ ಮುಗಿಯುವವರೆಗೂ ಅವಳ ಕಣ್ಣು ಆ ಸಟ್ಟುಗವನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಮೊದಲು ಬಂದದ್ದು ತಿಳಿಯಾದ ಸೂಪು. ಮೇಲೆ ಅಣಬೆಯ ತೆಳು ಚೂರು, ಹುರಿದ ಈರುಳ್ಳಿ. ಬೀಗರು ಬಟ್ಟಲೆತ್ತಿ ಸುರ್ರನೆ ಹೀರಿ, ‘ಸಾರು ಛಲೊ ಅದ ನೋಡ್ರಿ, ಹೊಟ್ಟಿಗೆ ಹಗರ’ ಎಂದರು. ಮಗಳು ಅಳಿಯನ ಮುಖ ನೋಡಿದಳು. ಅಳಿಯ ಚಾವಣಿ ನೋಡಿದ. ಈ ಹೋಟೆಲುಗಳಲ್ಲಿ ಆ ಸೂಪಿಗೆ ಕೋಳಿಯದೋ ದನದ್ದೋ ಮೂಳೆ ಬೇಯಿಸಿದ ರಸವೇ ಆಧಾರವೆಂಬುದು ಅವರಿಬ್ಬರಿಗೂ ಆಗ ನೆನಪಾಗಿತ್ತು. ಬಟ್ಟಲು ಅಷ್ಟರಲ್ಲಿ ಖಾಲಿ. ಹೇಳಿ ಉಪಯೋಗವಿಲ್ಲದ ವಿಷಯವನ್ನು ಹೇಳದಿರುವುದೂ ಹಿರಿಯರಿಗೆ ತೋರುವ ಗೌರವವೇ. ಈ ಲೇಖನ ಅವರ ಕೈಗೆ ಸಿಗದಿದ್ದರೆ ಸಾಕು.

ಅಡುಗೆಯವನು ಕೆಂಪು ಟೋಪಿ ತೊಟ್ಟು, ಸೊಂಟಕ್ಕೆ ಚೂರಿ ಸಿಕ್ಕಿಸಿಕೊಂಡು ಬಂದ. ಊರು ಯಾವುದೆಂದು ಬೀಗರು ಕೇಳದೆ ಬಿಡುತ್ತಾರೆಯೇ? ಮೆಕ್ಸಿಕೋ. ‘ಜಪಾನದ ಊಟ, ಮೆಕ್ಸಿಕೋದ ಅಡಗಿಯವ, ಉಣ್ಣಾವ್ರು ಧಾರವಾಡದವ್ರು’ ಎಂದು ಅವರು ಸಂತೋಷಪಟ್ಟರು. ನಮ್ಮ ಮೈಸೂರನ್ನು ಬಿಟ್ಟದ್ದು ಮರೆವಿನಿಂದ ಎಂದೇ ನಾನು ನಂಬಿದ್ದೇನೆ. ಅವನು ಈರುಳ್ಳಿ ಬಿಲ್ಲೆಗಳನ್ನು ಒಂದರ ಮೇಲೊಂದು ಗೋಪುರ ಮಾಡಿ, ನಡುವಿನ ತೂತಿಗೆ ಎಣ್ಣೆ ಹುಯ್ದು ಕಡ್ಡಿ ಗೀರಿದ. ಭಗ್ ಎಂದು ಜ್ವಾಲೆ ಎದ್ದಿತು. ಅದನ್ನು ಆರಿಸಲು ಜೇಬಿನಿಂದ ಒಂದು ಪ್ಲಾಸ್ಟಿಕ್ ಹುಡುಗನನ್ನು ತೆಗೆದು, ಚಡ್ಡಿ ಜಾರಿಸಿ, ಬೆನ್ನು ಒತ್ತಿದ. ಹುಡುಗ ಉದ್ದಕ್ಕೆ ಉಚ್ಚೆ ಹುಯ್ದ. ನೀರೇ, ಆದರೂ ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೋ ಹೇಸಿಗೆಯೋ ತಿಳಿಯಲಿಲ್ಲ. ಭುಜ ಮಾತ್ರ ತುಂಬಾ ಹೊತ್ತು ಕುಲುಕುತ್ತಿತ್ತು.

ಆಮೇಲೆ ಶುರುವಾಯಿತು ಎಸೆತ. ಬೆಂದ ಜುಕೀನಿಯ ತುಂಡನ್ನು ಸಟ್ಟುಗದ ತುದಿಯಿಂದ ಚಿಮ್ಮಿಸುವುದು, ನಾವು ಬಾಯಲ್ಲಿ ಹಿಡಿಯುವುದು. ಹ್ಯಾಟಿನ ಅಜ್ಜ ಸೀಗಡಿಯನ್ನು ಕೂತಲ್ಲಿಂದ ಅಲುಗದೆ ಗುಳುಂ ಮಾಡಿದ. ಮೊಮ್ಮಗ ಕುಣಿದಾಡಿದ. ಬೀಗರ ಸರದಿ ಬಂತು. ಅವರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಸಾಲ ಕೇಳಲು ಬಂದವರನ್ನು ತಡೆಯುವ ಭಂಗಿಯಲ್ಲೇ ಕೈ ಎತ್ತಿ ‘ಬ್ಯಾಡ್ರಿ’ ಎನ್ನಹೊರಟರು. ‘ಬ್ಯಾ’ಕ್ಕೆ ಬಾಯಿ ತೆರೆಯಿತಲ್ಲ, ಜುಕೀನಿ ನೇರ ಒಳಗೆ ಹೋಯಿತು. ಉಪಚಾರಕ್ಕೆ ಇಷ್ಟು ಚೊಕ್ಕ ಉತ್ತರವನ್ನು ನಾನು ಯಾವ ಬಡಿಸುವವನ ಕೈಯಲ್ಲೂ ಕಂಡಿರಲಿಲ್ಲ. ಅಜ್ಜ ಮೇಜು ಗುದ್ದಿ ಶಹಬ್ಬಾಸ್ ಎಂಬಂತೆ ಕೂಗಿದ. ಬೀಗರು ನಿಧಾನವಾಗಿ ಅಗಿದು, ನುಂಗಿ, ಕನ್ನಡಕ ಸರಿಮಾಡಿಕೊಂಡು, ಈ ಸಲ ತಾವಾಗಿಯೇ ಬಾಯಿ ತೆರೆದರು. ಇಷ್ಟಾದ ಮೇಲೆ ಗಂಡಿನ ಕಡೆಯವರಿಗೆ ನಾವು ಸೋಲುವುದುಂಟೆ? ನಾನೂ ತೆರೆದೆ.

ಇದೆಲ್ಲ ಜಪಾನಿನ ಪುರಾತನ ಪದ್ಧತಿ ಎಂದು ನನ್ನ ಹೆಂಡತಿ ಭಕ್ತಿಯಿಂದ ನೋಡುತ್ತಿದ್ದಾಗ ಅಳಿಯ ಅದಕ್ಕೂ ತಣ್ಣೀರೆರಚಿದ. ಕಬ್ಬಿಣದ ಹಾಳೆಯ ಮೇಲೆ ಸ್ಟೇಕ್ ಸುಡುವುದನ್ನು 1945ರಲ್ಲಿ ಕೋಬೆಯ ಮಿಸೋನೊ ಹೋಟೆಲು ಆರಂಭಿಸಿತಂತೆ. ಅದನ್ನು ಅಮೆರಿಕದಲ್ಲಿ ಆಟವಾಗಿಸಿದ್ದು ರಾಕಿ ಆವೊಕಿ ಎಂಬ ಕುಸ್ತಿಪಟು. ಹಾರ್ಲೆಮ್ಮಿನಲ್ಲಿ ಐಸ್‌ಕ್ರೀಂ ಗಾಡಿ ಓಡಿಸಿ ಕೂಡಿಟ್ಟ ದುಡ್ಡಿನಲ್ಲಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಬೆನಿಹಾನಾ ತೆರೆದ. ಹಾರ್ವರ್ಡ್ ಬಿಸಿನೆಸ್ ಸ್ಕೂಲು ಆ ಹೋಟೆಲನ್ನು ಪಾಠವಾಗಿಟ್ಟುಕೊಂಡಿದೆ ಎಂದಾಗ ಬೀಗರ ಕಿವಿ ನಿಮಿರಿತು. ಅಡುಗೆ ಗಿರಾಕಿಯೆದುರೇ ಆಗುವುದರಿಂದ ಹಿಂದೆ ದೊಡ್ಡ ಅಡುಗೆಮನೆಗೆ ಬಾಡಿಗೆ ಕಟ್ಟಬೇಕಿಲ್ಲ. ಎಂಟು ಜನ ಒಟ್ಟಿಗೆ ಕೂತು ಒಟ್ಟಿಗೆ ಏಳುತ್ತಾರೆ. ಅಡುಗೆಯವನು ಕಾವಲಿ ಒರೆಸಿ ತಲೆಬಾಗಿದನೆಂದರೆ ಏಳಿ ಎಂದೇ ಅರ್ಥ, ಬಾಯಿಬಿಟ್ಟು ಹೇಳಬೇಕಿಲ್ಲ. ನಮ್ಮ ಛತ್ರಗಳಲ್ಲಿ ಮುಂದಿನ ಪಂಕ್ತಿಯವರು ಕುರ್ಚಿಯ ಹಿಂದೆ ಬಂದು ನಿಂತು, ನಾವು ಪಾಯಸ ಕುಡಿಯುವುದನ್ನು ದಿಟ್ಟಿಸುತ್ತಾರಲ್ಲ, ಅದೇ ಕೆಲಸವನ್ನು ಇವರು ನಮಸ್ಕಾರ ಮಾಡಿ ಸಾಧಿಸಿದ್ದಾರೆ.

ರುಚಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅನ್ನ ಚೆನ್ನಾಗಿ ಹುರಿದಿತ್ತು. ಯಮ್ ಯಮ್ ಎಂಬ ಮೇಯನೇಸಿನ ಗೊಜ್ಜು ಸಿಹಿ ಸಿಹಿ. ‘ಇಷ್ಟು ಟಕಟಕ ಕುಟ್ಟೋ ಬದಲು ಎರಡು ಹಸಿಮೆಣಸಿನಕಾಯಿ ಹಾಕಬಹುದಿತ್ತು’ ಎಂದು ನನ್ನ ಹೆಂಡತಿ, ‘ಹೌದ್ರಿ, ಅರಿಶಿಣಾನೂ ಇಲ್ಲ’ ಎಂದು ಬೀಗಿತ್ತಿ. ಇವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅಂದೇ.

ಬಿಲ್ಲು ಬಂದಾಗ ನಾನೂ ಬೀಗರೂ ಒಟ್ಟಿಗೇ ಕೈ ಚಾಚಿದೆವು. ನಾನು, ನಾನು ಎಂದು ಎಳೆದಾಡುತ್ತಿರುವಾಗಲೇ ಅಳಿಯ ಕಾರ್ಡ್ ಕೊಟ್ಟು ಮುಗಿಸಿದ್ದ. ಬೀಗರಿಗೆ ಉಳಿದದ್ದು ಚೀಟಿ ಓದುವ ಹಕ್ಕು. ಗುಂಪು ದೊಡ್ಡದೆಂದು 18 ಪರ್ಸೆಂಟ್ ಟಿಪ್ಪನ್ನು ಅವರೇ ಸೇರಿಸಿದ್ದರು. ಬೀಗರು ಕನ್ನಡಕವನ್ನು ಅಂಗಿಯ ತುದಿಯಲ್ಲಿ ತಿಕ್ಕಿ ಒರೆಸಿ, ಏರಿಸಿಕೊಂಡು, ಚೀಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದರು.

‘ಎರಡು ತುಂಡು ಬಾಯಾಗ ಬಿದ್ದಾವ, ಖರೆ. ಮೂರನೇದು ಚಷ್ಮಾಕ್ಕ ಬಡದದ. ಅದಕ್ಕೂ 18 ಪರ್ಸೆಂಟ ಹಚ್ಯಾರಲ್ರಿ?’