ತಿಂಗಳಿಗೆ ಮೂರೇ ದಿನ: ಸಸ್ಪೆನ್ಸ್ ಅಕೌಂಟ್ ಜತೆ ಒಂದು ಸಂದರ್ಶನ

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ತಲೆಯೆತ್ತಿದಲ್ಲೆಲ್ಲ ಬೋರ್ಡು: ಟ್ಯಾಲಿ ವಿತ್ ಜಿಎಸ್‌ಟಿ, ಮೂರು ತಿಂಗಳು, ಜಾಬ್ ಗ್ಯಾರಂಟಿ. ಕೆಳಗೆ ವಡಾಪಾವ್, ಮೇಲೆ ವಿದ್ಯೆ. ಅಂಥದೊಂದು ಕ್ಲಾಸಿನ ಎರಡನೇ ಮಹಡಿಯ ಮೂಲೆ ಕಂಪ್ಯೂಟರಿನಲ್ಲಿ ‘ಎಬಿಸಿ ಟ್ರೇಡರ್ಸ್’ ಎಂಬ ಅಭ್ಯಾಸದ ಕಂಪನಿಯಿದೆ. ಅದರ ಲೆಕ್ಕಪುಸ್ತಕದಲ್ಲಿ ಸಸ್ಪೆನ್ಸ್ ಅಕೌಂಟ್ ಅವರ ವಾಸ. ತಾಳೆಯಾಗದ ಮೊತ್ತವನ್ನು, ಯಾರದೆಂದು ಗೊತ್ತಾಗುವ ತನಕ, ಇವರ ಮನೆಯಲ್ಲಿ ಇಳಿಸುವುದು ವಾಡಿಕೆ. ಮಧ್ಯಾಹ್ನದ ಬ್ಯಾಚ್ ಬಿಟ್ಟು ಸಂಜೆಯದು ಬರುವ ನಡುವೆ ಮಾತಿಗೆ ಸಿಕ್ಕರು.

ತಮ್ಮ ಪರಿಚಯ ಹೇಳಿ.

ಹಳೇ ಕುಳ ಮಾರಾಯ್ರೆ. ಟ್ಯಾಲಿಯಲ್ಲಿ ಹೊಸ ಕಂಪನಿ ತೆರೆದ ಕೂಡಲೇ 28 ಗ್ರೂಪುಗಳು ತಾವಾಗಿಯೇ ಹುಟ್ಟುತ್ತವೆ. ಅವುಗಳಲ್ಲಿ 15 ಪ್ರೈಮರಿ. ಆ ಹದಿನೈದರಲ್ಲಿ ನಾನೂ ಒಬ್ಬ. ಕ್ಯಾಪಿಟಲ್, ಲೋನುಗಳ ಪಂಕ್ತಿಯಲ್ಲೇ ನನಗೂ ಎಲೆ ಹಾಕಿದ್ದಾರೆ. ಮಕ್ಕಳು ಎಡವುತ್ತಾರೆಂದು ಮಾಡಿದವರಿಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.

ಮಾಡಿದವರು ಬೆಂಗಳೂರಿನವರಲ್ಲವೇ?

ಹೌದು, 1986ರಲ್ಲಿ. ಶ್ಯಾಮ್ ಸುಂದರ್ ಗೋಯಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಒಪ್ಪುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ ಮಗ ಭರತ್ ಕೂತು ಬರೆದರು. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ನೋಡಿ, ಅಲ್ಲಿ ಮೊದಲು ವ್ಯಾಪಾರ ಇತ್ತು, ಆಮೇಲೆ ಸಾಫ್ಟ್‌ವೇರ್ ಬಂತು. ಇಲ್ಲಿ ಸಾಫ್ಟ್‌ವೇರ್ ಉಂಟು, ವ್ಯಾಪಾರ ಎಂತದು ಅಂತ ಯಾರೂ ಕೇಳುವುದಿಲ್ಲ.

ಎಬಿಸಿ ಟ್ರೇಡರ್ಸ್ ವ್ಯಾಪಾರ ಮಾಡುತ್ತದಲ್ಲ?

(ನಗು) ಈ ಕ್ಲಾಸಿನ ಟ್ಯಾಲಿಗೆ ಲೈಸೆನ್ಸ್ ಇಲ್ಲ, ಎಜುಕೇಶನಲ್ ಮೋಡ್. ಅದರಲ್ಲಿ ತಿಂಗಳ 1, 2, ಮತ್ತೆ ಒಮ್ಮೆಲೇ 31, ಇಷ್ಟೇ ತಾರೀಕಿಗೆ ವೋಚರ್ ಹಾಕಲಿಕ್ಕಾಗುವುದು. ಹಾಗಾಗಿ ನಮ್ಮ ಕಂಪನಿ ಒಂದಕ್ಕೆ ಬಂಡವಾಳ ಹಾಕುತ್ತದೆ, ಎರಡಕ್ಕೆ ಕುರ್ಚಿ ಮೇಜು ಕೊಳ್ಳುತ್ತದೆ, ಅಲ್ಲಿಂದ ಇಪ್ಪತ್ತೆಂಟು ದಿನ ಒಂದೇ ನಿದ್ದೆ. ಮೂವತ್ತೊಂದಕ್ಕೆ ಎದ್ದು ಸಂಬಳ ಕೊಟ್ಟು ಲಾಭ ತೋರಿಸುತ್ತದೆ. ಗಿರಾಕಿ ಉದ್ರಿ ಕೇಳುವುದಿಲ್ಲ, ಚೆಕ್ ಬೌನ್ಸ್ ಆಗುವುದಿಲ್ಲ, ಮಳೆಗೆ ಮಾಲು ಒದ್ದೆಯಾಗುವುದಿಲ್ಲ. ತಿಂಗಳ ತಿಂಗಳ ಲೆಕ್ಕ ಕೊಡುವವರು 11ರ ಒಳಗೆ ಜಿಎಸ್‌ಟಿಆರ್-1 ತುಂಬಬೇಕು, 20ರ ಒಳಗೆ 3ಬಿ. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಜಿಎಸ್‌ಟಿ ಬರೆದಿದ್ದಾರೆ, ಆದರೆ ಆ ಎರಡು ತಾರೀಕೂ ನಮ್ಮ ಕ್ಯಾಲೆಂಡರಿನಲ್ಲೇ ಇಲ್ಲ!

ಹಾಗಾದರೆ ಕಲಿಸುವುದೇನು?

ಕೀಲಿ. ದುಡ್ಡು ಕೊಟ್ಟರೆ ಎಫ್5, ಬಂದರೆ ಎಫ್6, ಮಾರಿದರೆ ಎಫ್8, ಕೊಂಡರೆ ಎಫ್9. ನಡುವೆ ‘ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್’ ಅಂತ ಭಜನೆ. ಒಬ್ಬ ಹುಡುಗ ಕೇಳಿದ: ಸರ್, ಬಾಡಿಗೆ ಇನ್ನೂ ಕೊಟ್ಟಿಲ್ಲ, ಆದರೆ ಕೊಡಬೇಕು, ಆಗ ಯಾವ ಕೀಲಿ? ಅದಕ್ಕೆ ಎಫ್7, ಜರ್ನಲ್. ಲೆಕ್ಕಶಾಸ್ತ್ರ ನಿಜವಾಗಿ ಶುರುವಾಗುವುದೇ ಅಲ್ಲಿ. ಕೈಗೆ ದುಡ್ಡು ಬಾರದಿದ್ದರೂ, ಕೈಬಿಟ್ಟು ಹೋಗದಿದ್ದರೂ ಬರೆಯಬೇಕಾದದ್ದು ಇರುತ್ತದೆ ಎಂಬಲ್ಲಿ. ಸರ್ ‘ಅದು ಅಡ್ವಾನ್ಸ್ಡ್ ಕೋರ್ಸ್’ ಅಂದರು. ಕ್ಲಾಸಿನದೇ ಬಾಡಿಗೆ ಬಾಕಿ ಉಂಟು, ಉದಾಹರಣೆಗೆ ದೂರ ಹೋಗಬೇಕಿರಲಿಲ್ಲ.

ಕೆಲಸವಾದರೂ ಸಿಗುತ್ತದೆಯೇ?

ಸಿಗುತ್ತದೆ, ಸುಳ್ಳು ಹೇಳಬಾರದು. ಭಿವಂಡಿ ಗೋಡೌನುಗಳು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್, ತಳೋಜದ ಕಾರ್ಖಾನೆಗಳು, ಎಲ್ಲ ಕಡೆಗೂ ಬಿಲ್ ಹಾಕುವವರು ಬೇಕು. ಇಲ್ಲಿ ಕಲಿತ ಒಬ್ಬ ಹುಡುಗಿ ವಾಶಿ ಎಪಿಎಂಸಿಯ ಒಂದು ಧಾನ್ಯದ ಪೇಢಿಗೆ ಸೇರಿದಳು. ಡೊಂಬಿವಲಿಯಿಂದ ಥಾಣೆಗೆ ಒಂದು ಗಾಡಿ, ಅಲ್ಲಿಂದ ಟ್ರಾನ್ಸ್-ಹಾರ್ಬರ್. ಮೊದಲ ದಿನವೇ ಬಿಲ್ಲಿನಲ್ಲಿ ಹಮಾಲಿ, ತೋಲಾಯಿ, ದಲಾಲಿ! ಎಬಿಸಿ ಟ್ರೇಡರ್ಸ್‌ನಲ್ಲಿ ಮೂಟೆ ಹೊತ್ತವರನ್ನೇ ಅವಳು ಕಂಡಿರಲಿಲ್ಲ. ಮೂರನ್ನೂ ಒಟ್ಟು ಮಾಡಿ ನನ್ನ ತಲೆಗೆ ಕಟ್ಟಿದಳು. ಅಲ್ಲಿದ್ದ ಮುನೀಮ್‌ಜಿ ಕಂಪ್ಯೂಟರ್ ಮುಟ್ಟಿದವರಲ್ಲ; ಆದರೆ ಯಾವ ಖರ್ಚು ಮಾಲಿನ ಬೆಲೆಗೆ ಸೇರುತ್ತದೆ, ಯಾವುದು ಕೊಂಡವನ ಮೇಲೆ ಬೀಳುತ್ತದೆ ಅಂತ ಬಾಯಲ್ಲೇ ಹೇಳುವವರು. ಪಕ್ಕ ಕೂರಿಸಿ ತಿದ್ದಿದರು. ಈಗ ಅವಳ ಕೈ ಕುದುರಿದೆ. ಕಲಿಸಿದ್ದು ಮುನೀಮ್‌ಜಿ, ಫೋಟೊ ಹಾಕಿಸಿದ್ದು ಕ್ಲಾಸು. ಮೆಟ್ಟಿಲ ಹತ್ತಿರ ನೋಡಿದಿರಲ್ಲ?

ಕನ್ನಡದ ಮಕ್ಕಳು ಬರುತ್ತಾರೆಯೇ?

ಬಾರದೆ? ಇದೇ ಊರಿನಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಉಂಟು. ಎಲ್ಲಿ ಬಿ.ಕಾಂ. ಮಾಡಿದರೂ ಕೆಲಸ ಕೇಳಲು ಹೋದಾಗ ಮೊದಲ ಪ್ರಶ್ನೆ ‘ಟ್ಯಾಲಿ ಬರ್ತದಾ?’ ಹಾಗಾಗಿ ಈ ಮೆಟ್ಟಿಲು ತಪ್ಪುವುದಿಲ್ಲ. ಹಿಂದೆ ಊರಿಂದ ಮುಂಬಯಿಗೆ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದವರು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥವರು ಅಂಥ ಶಾಲೆ ನಡೆಸಿದರು. ಗಲ್ಲಾದಲ್ಲಿ ಕೂತವನಿಗೆ ಹತ್ತು ರೂಪಾಯಿ ಕಡಿಮೆ ಬಿದ್ದರೆ ಸಂಬಳದಲ್ಲಿ ಹೋಗುತ್ತಿತ್ತು. ಅವನು ರಾತ್ರಿಯೇ ಹುಡುಕಿ ಮಲಗುತ್ತಿದ್ದ. ಅಂಥವರ ಪುಸ್ತಕದಲ್ಲಿ ನನಗೆ ಕಾಲಿಡಲು ಜಾಗವೇ ಇರಲಿಲ್ಲ.

ಆಡಿಟರುಗಳಿಗೆ ನಿಮ್ಮನ್ನು ಕಂಡರೆ ಅನುಮಾನವಂತೆ.

ನಾನು ಪಾಪದವ ಮಾರಾಯ್ರೆ, ‘ಇಲ್ಲಿ ತಪ್ಪು ಉಂಟು’ ಅಂತ ಹಣೆಗೇ ಬರೆದುಕೊಂಡು ಕೂತವ. ಕುರ್ಚಿ ಕೊಂಡದ್ದನ್ನು ಮಾಲಿನ ಖರೀದಿಗೆ ಬರೆಯಿರಿ, ಟ್ರಯಲ್ ಬ್ಯಾಲೆನ್ಸ್ ಚೆಂದಕ್ಕೆ ಕೂಡುತ್ತದೆ, ನನ್ನನ್ನು ಯಾರೂ ಕರೆಯುವುದಿಲ್ಲ. ಇದೇ ಲೈನಿನ ಭಾಂಡುಪ್‌ನಲ್ಲಿ ಪಿಎಂಸಿ ಬ್ಯಾಂಕಿನ ಹೆಡ್ಡಾಫೀಸು ಇತ್ತು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬೀಗ ಬಿಗಿದಾಗ ಮೊದಲಿಗೆ ಒಂದು ಖಾತೆಯಿಂದ 1,000 ರೂಪಾಯಿ ತೆಗೆಯಬಹುದಿತ್ತು, ಅಷ್ಟೇ. ಒಂದೇ ಬಿಲ್ಡರ್ ಗುಂಪಿನ ಸಾಲ ಮರೆಮಾಚಲು 21 ಸಾವಿರಕ್ಕೂ ಹೆಚ್ಚು ನಕಲಿ ಖಾತೆ ತೆರೆದಿದ್ದರೆಂದು ದೂರು. ಪುಸ್ತಕ ಮಾತ್ರ ವರ್ಷ ವರ್ಷ ತಾಳೆಯಾಗುತ್ತಿತ್ತು. ಆ 21 ಸಾವಿರದಲ್ಲಿ ನಾನಿಲ್ಲ, ಬರೆದುಕೊಳ್ಳಿ.

ಸಂಜೆಯ ಬ್ಯಾಚ್ ಬಂತು. ಕೊನೆಯದಾಗಿ ಏನಾದರೂ?

ತಳೋಜದ ಕಂಪನಿಯೊಂದರಲ್ಲಿರುವ ನನ್ನ ದೊಡ್ಡಪ್ಪನ ಮಗನ ಸುದ್ದಿ ಕೇಳಿ. ಅಲ್ಲಿನ ಬ್ಯಾಂಕ್ ಖಾತೆಗೆ ಎನ್‌ಇಎಫ್‌ಟಿಯಲ್ಲಿ 11,800 ರೂಪಾಯಿ ಬಂದು ಬಿತ್ತು. ಯಾರದೆಂದು ಗೊತ್ತಿಲ್ಲ. ಇಲ್ಲಿಂದ ಹೋದ ಹುಡುಗ ತಕ್ಷಣ ಅವನ ಮನೆಗೆ ತಳ್ಳಿದ. 11,800 ಅಂದರೆ 10,000ದ ಮೇಲೆ ಶೇಕಡಾ 18 ಜಿಎಸ್‌ಟಿ, ಅಲ್ಲವಾ? ಬಾಕಿ ಇರುವ ಹತ್ತು ಸಾವಿರದ ಬಿಲ್ ಯಾರದು ಅಂತ ನೋಡಿದರೆ ಹತ್ತು ನಿಮಿಷದ ಕೆಲಸ. ದೊಡ್ಡಪ್ಪನ ಮಗ ಬಾಯಿಬಿಟ್ಟು ಹೇಳಿಯೂ ನೋಡಿದ.

ಹುಡುಗ ಹುಡುಕಿದನೇ?

‘ಮಾರ್ಚ್ ಎಂಡಿಗೆ ನೋಡುವ’ ಅಂದನಂತೆ. ಆಗ ಜೂನ್.