ಡಿಸ್ಕ್ ಯಾವುದು ಹಾಕಿಸಿದ್ರಿ?

ಬ್ರೇಕ್ ಹಾಕಿದರೆ ಸ್ಟಿಯರಿಂಗ್ ನಡುಗುತ್ತದೆ ಎಂದು ಕಾಸರಗೋಡು ಜಿಲ್ಲೆಯ ನಮ್ಮ ಕುಂಬ್ಡಾಜೆಯಲ್ಲಿ ಯಾರೊಬ್ಬರ ಹತ್ತಿರವೂ ಹೇಳಬಾರದು. ಹೇಳಿದರೆ ಮಾರ್ಪನಡ್ಕ ಪೇಟೆಯಿಂದ ಅಗಲ್ಪಾಡಿಯವರೆಗೆ ಸಿಕ್ಕಿದವರೆಲ್ಲ ಮೆಕ್ಯಾನಿಕ್ಕುಗಳಾಗುತ್ತಾರೆ. ಅಡಿಕೆಗೆ ಕೊಳೆರೋಗ ಬಂದರೆ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ಏನು ಹೇಳುತ್ತಾರೋ ನೋಡುವ ಎಂದು ತಾಳ್ಮೆಯಿಂದ ಕಾಯುವ ಕೃಷಿಕರು ಕೂಡ ಬ್ರೇಕಿನ ವಿಷಯದಲ್ಲಿ ಯಾರ ಮಾತಿಗೂ ಕಾಯುವುದಿಲ್ಲ. "ಡಿಸ್ಕ್ ಬೆಂಡ್ ಆಗಿದೆ, ಬೇರೆ ಎಂತದ್ದೂ ಅಲ್ಲ" ಎಂಬ ತೀರ್ಪು ಸರ್ವಾನುಮತದ್ದು. ಜಗಳ ಇರುವುದು ಮುಂದಿನ ಪ್ರಶ್ನೆಯಲ್ಲಿ: ಹೊಸತು ಕಂಪೆನಿಯದ್ದೋ, ಲೋಕಲ್ಲೋ?

ಡಿಸ್ಕ್ ಅಂದರೆ ಮುಂದಿನ ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆ. ಎರಡು ಬದಿಯಿಂದ ಪ್ಯಾಡುಗಳು ಬಂದು ಅದನ್ನು ಅದುಮಿದರೆ ಕಾರು ನಿಲ್ಲುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಬ್ರೇಕಿನಲ್ಲಿ ತಾಮ್ರ ಲೋಹದ ತಟ್ಟೆಗೆ ಉಜ್ಜುತ್ತಿತ್ತು; ಆ ಕಿರುಚಾಟ ಕೇಳಲಾಗುತ್ತಿರಲಿಲ್ಲವಂತೆ. ಆಮೇಲೆ 1953ರಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಲೆ ಮಾನ್ಸ್ ರೇಸು ಗೆದ್ದಿತು.

ಈ ಜಾಗ್ವಾರಿನ ಕಥೆ ನನಗೆ ಹೇಳಿದ್ದು ಬೆಂಗಳೂರಿನಲ್ಲಿರುವ ಅಳಿಯ. "ಮಾವ, ಹಾಕುವುದಾದರೆ ತೂತು ಇರುವ ಡಿಸ್ಕ್ ಹಾಕಿಸಿ, ರೇಸಿನವರು ಅದನ್ನೇ ಹಾಕುವುದು" ಎಂದ. ಬದಿಯಡ್ಕಕ್ಕೆ ಹೋಗುವಾಗ ನನ್ನ ವೇಗವನ್ನು ನಿರ್ಧರಿಸುವುದು ಮುಂದಿರುವ ಬಸ್ಸು, ಹಿಂದಿನ ಸೀಟಿನಲ್ಲಿ ಇರುವುದು ಅಡಿಕೆ ಗೋಣಿ. ಆ ತೂತುಗಳಲ್ಲಿ ಹೋಗಿ ಕೂರುವುದು ನಮ್ಮ ಮುರಕಲ್ಲಿನ ಕೆಂಪು ಕೆಸರು, ಅಷ್ಟೆ. ಅಳಿಯನಾದ್ದರಿಂದ "ನೋಡುವ" ಎಂದೆ.

ಕಾಸರಗೋಡಿನ ಅಂಗಡಿಯಲ್ಲಿ "ಕಂಪೆನಿ ವೇಣೋ, ಲೋಕಲ್ ಮದಿಯೋ?" ಎಂದು ಮಲಯಾಳದಲ್ಲಿ ಕೇಳಿದರು. ಗಾಳಿಮುಖ ದಾಟಿ ಈಶ್ವರಮಂಗಲದ ಮೇಲಾಗಿ ಪುತ್ತೂರಿಗೆ ಹೋದರೆ ಅಲ್ಲಿ ಅದೇ ಪ್ರಶ್ನೆ ತುಳುವಿನಲ್ಲಿ. ಕೆಎಲ್ 14 ನಂಬರಿನ ಕಾರು ಗಡಿ ದಾಟಿ ಸಾಮಾನು ತಂದರೆ ಅಗ್ಗ ಎಂಬ ನಂಬಿಕೆ ನಮ್ಮಲ್ಲಿದೆ. ಪುತ್ತೂರಿನ ಕಡೆಯವರು ಕಾಸರಗೋಡಿನ ಬಗ್ಗೆ ಹಾಗೆಯೇ ಹೇಳುವುದನ್ನೂ ಕೇಳಿದ್ದೇನೆ. ಪೆಟ್ರೋಲಿನ ಲೆಕ್ಕ ಎರಡು ಕಡೆಯವರೂ ತೆಗೆಯುವುದಿಲ್ಲ.

ಇಷ್ಟಕ್ಕೂ ಕಾರು ಕಂಪೆನಿಗಳು ಸಾಮಾನ್ಯವಾಗಿ ಡಿಸ್ಕನ್ನು ತಾವೇ ಎರಕ ಹೊಯ್ಯುವುದಿಲ್ಲ. ಬ್ರೇಕಿನ ಸಾಮಾನು ಮಾಡಲಿಕ್ಕೆಂದೇ ಬೇರೆ ಕಾರ್ಖಾನೆಗಳಿವೆ. ಚೆನ್ನೈಯ ಬ್ರೇಕ್ಸ್ ಇಂಡಿಯಾ 1962ರಿಂದ ಆ ಕಸುಬಿನಲ್ಲಿದೆ. ಇಂಥವರು ಕಾರು ಕಂಪೆನಿಗೂ ಕೊಡುತ್ತಾರೆ, ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲಿ ಅಂಗಡಿಗೂ ಕಳಿಸುತ್ತಾರೆ. ಹೆಸರೂ ಇಲ್ಲದ, ಬಿಲ್ಲೂ ಇಲ್ಲದ ಮಾಲು ಬೇರೆ, ಅದನ್ನು ಮುಟ್ಟಬಾರದು. ಆದರೆ ನಮ್ಮಲ್ಲಿ ಎರಡಕ್ಕೂ "ಲೋಕಲ್" ಎಂದೇ ಹೆಸರು.

ನಾನು ಹೆಸರಿದ್ದ ಪೆಟ್ಟಿಗೆಯದ್ದನ್ನೇ ಬಿಲ್ಲು ಸಮೇತ ತಂದು ಒಂದು ಗ್ಯಾರೇಜಿನಲ್ಲಿ ಹಾಕಿಸಿದೆ. ಬ್ರೇಕು ಬೆಣ್ಣೆಯ ಹಾಗೆ. ಮಳೆಗಾಲ ಮುಗಿಯುವಾಗ ಮತ್ತೆ ನಡುಕ! ಊರಿಗೆ ಹಬ್ಬವಾಯಿತು. ಮದುವೆ ಊಟದ ಪಂಕ್ತಿಯಲ್ಲಿ, ಯಕ್ಷಗಾನದ ಚೌಕಿಯ ಹೊರಗೆ, ಸೊಸೈಟಿಯ ಸಾಲಿನಲ್ಲಿ ಒಂದೇ ಮಾತು: "ಡಿಸ್ಕ್ ಯಾವುದು ಹಾಕಿಸಿದ್ರಿ? ಲೋಕಲ್ಲಾ? ಹ್ಞೂಂ." ಆ "ಹ್ಞೂಂ" ಇದೆಯಲ್ಲ, ಅದಕ್ಕೆ ಯಾವ ಅಂಗಡಿಯಲ್ಲೂ ಬದಲಿ ಭಾಗ ಸಿಗುವುದಿಲ್ಲ.

ಪರಿಹಾರ ಹೇಳಿದವರೂ ಇದ್ದರು. ನೆರೆಮನೆಯ ಭಾವನಿಗೆ ನಡುಕಕ್ಕಿಂತ ತುಕ್ಕಿನ ಚಿಂತೆ ಜಾಸ್ತಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಎರಡು ದಿನ ಕಾರು ತೆಗೆಯದಿದ್ದರೆ ಡಿಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಾಲ್ಕು ಸಲ ಬ್ರೇಕ್ ಒತ್ತಿದರೆ ಅದು ತಾನಾಗಿ ಉಜ್ಜಿಹೋಗುತ್ತದೆ. ಭಾವನಿಗೆ ಆ ತಾಳ್ಮೆ ಇಲ್ಲ. ಮಳೆಗಾಲದಲ್ಲಿ ಕತ್ತಿ, ಹಾರೆಗೆಲ್ಲ ಎಣ್ಣೆ ಪೂಸುವ ಶಿಸ್ತಿನ ಮನುಷ್ಯ, ತನ್ನ ಕಾರಿನ ಡಿಸ್ಕಿಗೂ ತೆಂಗಿನೆಣ್ಣೆ ಪೂಸಿದರು. ಮರುದಿನ ಕಾರು ಶೆಡ್ಡಿನಿಂದ ಇಳಿಜಾರಿನಲ್ಲಿ ಹಿಂದಕ್ಕೆ ಹೊರಟದ್ದು ನಿಲ್ಲಲೊಲ್ಲದೆ ಹಟ್ಟಿಯ ಎದುರಿನ ಸೊಪ್ಪಿನ ರಾಶಿಗೆ ಹೋಗಿ ಕೂತಿತು. ದನಕ್ಕೂ ಭಾವನಿಗೂ ಏನೂ ಆಗಲಿಲ್ಲ. "ತುಕ್ಕು ಮಾತ್ರ ಹಿಡಿದಿಲ್ಲ ನೋಡಿ" ಎಂದು ಅಕ್ಕ ಎಲ್ಲರಿಗೂ ತೋರಿಸಿದರು.

ಕೊನೆಗೆ ನನ್ನ ಕಾರಿನ ಚಕ್ರ ಬಿಚ್ಚಿದ್ದು ಮಾತೇ ಆಡದ ಒಬ್ಬ ಮೇಸ್ತ್ರಿ. ಡಿಸ್ಕ್ ತೆಗೆದು, ಅದು ಕೂರುವ ಹಬ್ಬನ್ನು ಬೆರಳಲ್ಲಿ ತೋರಿಸಿದರು: ಹಕ್ಕಳೆ ಕಟ್ಟಿದ ಹಳೆಯ ತುಕ್ಕು. ಮೊದಲಿನವರು ಅದನ್ನು ಉಜ್ಜದೆ ಅದರ ಮೇಲೆಯೇ ಹೊಸ ಡಿಸ್ಕ್ ಕೂರಿಸಿದ್ದರು. ತಟ್ಟೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು, ಅಂದರೆ ಕಾಗದದ ಅರ್ಧ ದಪ್ಪದಷ್ಟು, ಓರೆಯಾಗಿ ತಿರುಗಿದರೂ ಪ್ಯಾಡು ಪ್ರತಿ ಸುತ್ತಿನಲ್ಲೂ ಒಂದೇ ಜಾಗಕ್ಕೆ ತಾಗುತ್ತದೆ. ಸಾವಿರಗಟ್ಟಲೆ ಕಿಲೋಮೀಟರ್ ಓಡುವಾಗ ಡಿಸ್ಕಿನ ದಪ್ಪ ಅಲ್ಲಲ್ಲಿ ಹೆಚ್ಚುಕಡಿಮೆಯಾಗುತ್ತದೆ, ಆಮೇಲೆ ನಡುಕ. ಬೆಂಡ್ ಆಗಿದೆ ಎಂದು ನಾವು ಹೇಳುವ ಡಿಸ್ಕುಗಳಲ್ಲಿ ಹೆಚ್ಚಿನವು ಬೆಂಡೇ ಆಗಿರುವುದಿಲ್ಲ. ಮೇಸ್ತ್ರಿ ತಂತಿ ಬ್ರಷ್ಷಿನಲ್ಲಿ ಹಬ್ ಉಜ್ಜಿದರು, ಡಿಸ್ಕಿನ ಅಂಚಿನಲ್ಲಿ ಕೊರೆದಿದ್ದ ಕನಿಷ್ಠ ದಪ್ಪದ ಅಂಕಿ ನೋಡಿ, ಲೇತಿನಲ್ಲಿ ಸ್ವಲ್ಪ ಹೆರೆಸಿ ಅದನ್ನೇ ಕೂರಿಸಿದರು. ನಡುಕ ಹೋಯಿತು. ಹಾಗಾದರೆ ಮೊದಲು ಕಿತ್ತು ಬಿಸಾಡಿದ ಕಂಪೆನಿ ಡಿಸ್ಕಿನ ತಪ್ಪಾದರೂ ಏನಿತ್ತೋ! ಈಗ ಅದು ಅಂಗಳದಲ್ಲಿ ಅಡಿಕೆಯ ಟಾರ್ಪಾಲು ಹಾರದಂತೆ ಮೂಲೆಗೆ ಭಾರವಾಗಿದೆ. ಆ ಕೆಲಸದಲ್ಲಿ ಅದರ ಬಗ್ಗೆ ಯಾರದೂ ದೂರಿಲ್ಲ.

ಈ ಸಂಗತಿಯನ್ನು ಊರಿಗೆ ತಿಳಿಸಿದೆ. "ಲೋಕಲ್ ಅಲ್ವಾ, ಈಗ ಹೋದರೂ ಮುಂದಿನ ಮಳೆಗೆ ಬರ್ತದೆ" ಎಂದರು.

ನೀವಾದರೂ ಡಿಸ್ಕ್ ಬದಲಿಸುವಾಗ ಬಿಲ್ಲು ಕೇಳಿ, ಹೊಸತರ ಮೇಲೆ ತುಕ್ಕು ಬಾರದಂತೆ ಹಚ್ಚಿದ ಎಣ್ಣೆಯನ್ನು ಒರೆಸಿಸಿ, ಮೇಸ್ತ್ರಿಯ ಪಕ್ಕದಲ್ಲೇ ನಿಂತು ಹಬ್ ಉಜ್ಜಿಸಿಕೊಳ್ಳಿ. ಇದನ್ನೆಲ್ಲ ಯಾರು ಹೇಳಿದ್ದು ಎಂದು ಅವರು ಸಿಟ್ಟಿನಲ್ಲಿ ಕೇಳಿದರೆ, ದಯವಿಟ್ಟು ನನ್ನ ಹೆಸರು ಹೇಳಬೇಡಿ, ನನಗೂ ಕಾರಿದೆ.