ಗೌರವ ಕಾರ್ಯದರ್ಶಿಗಳ ರೇಸ್ ಕಾರು

ಮುಂಬಯಿಯ ಕನ್ನಡಿಗರಲ್ಲಿ ಒಂದು ತಳಿಯ ಮನುಷ್ಯನಿದ್ದಾನೆ. ನಾಲ್ಕು ಜನ ಒಂದೆಡೆ ನಿಂತದ್ದು ಕಂಡರೆ ಸಾಕು, ಅವನ ಕೈ ರಸೀದಿ ಪುಸ್ತಕಕ್ಕೆ ಹೋಗುತ್ತದೆ. ಊರಿನಿಂದ ಯಕ್ಷಗಾನ ಮೇಳ ಕರೆಸಿದವನು ಅವನೇ, ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಶಾಮಿಯಾನ ಹಾಕಿಸಿದವನು ಅವನೇ, ಶನಿಪೂಜೆಗೆ ಬಾಳೆಎಲೆ ಹೊಂದಿಸಿದವನೂ ಅವನೇ. ಹುದ್ದೆ ಮಾತ್ರ ಯಾವತ್ತೂ ಒಂದೇ: ಗೌರವ ಪ್ರಧಾನ ಕಾರ್ಯದರ್ಶಿ. ಅಧ್ಯಕ್ಷರು ಬದಲಾಗುತ್ತಾರೆ, ಕೋಶಾಧಿಕಾರಿಗಳು ಕೈಮುಗಿದು ಬಿಟ್ಟುಹೋಗುತ್ತಾರೆ, ಇವನು ಹೋಗುವುದಿಲ್ಲ. ಇಂಥವನ ತಲೆಗೆ ಕಾರು ರೇಸು ಹೊಕ್ಕರೆ ಏನಾಗುತ್ತದೆ, ಕೇಳಿ.

ಹೊಕ್ಕದ್ದು 2011ರಲ್ಲಿ. ಆ ವರ್ಷ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ಟಿನಲ್ಲಿ ಮೊದಲ ಬಾರಿಗೆ ಫಾರ್ಮುಲಾ ಒನ್ ನಡೆಯಿತಲ್ಲ, ಗೆದ್ದವನು ಸೆಬಾಸ್ಟಿಯನ್ ವೆಟಲ್. ದೇಶವೆಲ್ಲ ಟಿವಿಯಲ್ಲಿ ವೆಟಲ್‌ನನ್ನು ನೋಡುತ್ತಿದ್ದರೆ ನಮ್ಮ ಕಾರ್ಯದರ್ಶಿ ನೋಡಿದ್ದು ಟ್ರ್ಯಾಕಿನ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕುಳಿತವರನ್ನು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಎದುರಿಗೆ ಮೇಜಿನಂಥದ್ದು, ಪಕ್ಕದಲ್ಲಿ ನೀರಿನ ಬಾಟಲಿ. "ಎಂಥ ಮಾರಾಯ, ಇದು ನಮ್ಮ ವೇದಿಕೆಯೇ ಅಲ್ವಾ?" ಎಂದ. ರೇಸು ತನಗಾಗಿಯೇ ಹುಟ್ಟಿದ ಕ್ಷೇತ್ರ, ಇಷ್ಟು ದಿನ ಯಾರೂ ಹೇಳಿರಲಿಲ್ಲ ಎಂದು ಅವನಿಗೆ ಮನವರಿಕೆಯಾಯಿತು.

ಸ್ಥಾಪನಾ ಸಭೆ ನಡೆದದ್ದು ಮಾಟುಂಗಾದ ಒಂದು ಹೋಟೆಲಿನಲ್ಲಿ, ರಾತ್ರಿ ಶಟರ್ ಅರ್ಧ ಎಳೆದಾದ ಮೇಲೆ. ಮುಂಬಯಿಯಲ್ಲಿ ಗೆಳೆಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬಳಕೆಗೆ ಬರುವುದು ಮದುವೆ ಕಾಗದದಲ್ಲಿ ಮಾತ್ರ. ಉಳಿದಂತೆ ಅವರವರು ಇರುವ ಜಾಗವೇ ಹೆಸರು: ಡೊಂಬಿವಲಿ, ಮುಲುಂಡ್, ಮೀರಾರೋಡ್, ವಾಶಿ. ಡೊಂಬಿವಲಿಗೆ ಕಾರು ಓಡಿಸಲು ಬರುತ್ತಿತ್ತು. ಮುಲುಂಡಿಗೆ ರಸ್ತೆಗಳೆಲ್ಲ ಗೊತ್ತು ಎಂಬ ನಂಬಿಕೆಯಿತ್ತು. ಮೀರಾರೋಡಿನವನ ಭಾವನಿಗೆ ಗ್ಯಾರೇಜಿತ್ತು. ವಾಶಿ ಬ್ಯಾಂಕಿನಲ್ಲಿದ್ದುದರಿಂದ ಕೋಶಾಧಿಕಾರಿ. ಗಲ್ಲೆಯಲ್ಲಿ ಕೂತು ಲೆಕ್ಕ ಮುಗಿಸುತ್ತಿದ್ದ ಹೋಟೆಲ್ ಧಣಿಗಳು ತಲೆಯೆತ್ತುವ ಮೊದಲೇ ಗೌರವಾಧ್ಯಕ್ಷರಾಗಿ ಸರ್ವಾನುಮತದಿಂದ ಆಯ್ಕೆಯಾಗಿದ್ದರು.

ಮೊದಲ ಮೂರು ಸಭೆಗಳಲ್ಲಿ ತಂಡಕ್ಕೆ ಹೆಸರಾಯಿತು, ಲಾಂಛನವಾಯಿತು, ಟೀ ಶರ್ಟಿನ ಬಣ್ಣವಾಯಿತು, ಉಪಸಮಿತಿಗಳಾದವು. ಮಹಿಳಾ ವಿಭಾಗಕ್ಕೂ ಕಾರ್ಯಾಧ್ಯಕ್ಷೆಯಾದರು. ನಾಲ್ಕನೆಯ ಸಭೆಯಲ್ಲಿ "ಇತರ ವಿಷಯಗಳು" ಎಂಬಲ್ಲಿಗೆ ಬಂದಾಗ ಡೊಂಬಿವಲಿ ಎದ್ದು, ಕಾರು ಯಾವಾಗ ತಗೊಳ್ಳೋದು ಎಂದು ಕೇಳಿದ. ಅವನ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿಕೊಳ್ಳಲಾಯಿತು.

ಕಾರಿಗಿಂತ ದೊಡ್ಡ ತೊಡಕು ಓಡಿಸುವ ಜಾಗದ್ದು. ಇಷ್ಟು ದೊಡ್ಡ ನಗರಕ್ಕೆ ಒಂದು ರೇಸ್ ಟ್ರ್ಯಾಕಿಲ್ಲ. ಒಂದು ಕಾಲಕ್ಕೆ ಜುಹು ವಿಮಾನ ನಿಲ್ದಾಣದ ರನ್‌ವೇಯಲ್ಲಿ ಕಾರುಗಳ ಸ್ಪರ್ಧೆ ನಡೆದದ್ದುಂಟು. ಈಗ ಅಲ್ಲಿ ಹೆಲಿಕಾಪ್ಟರುಗಳು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕು 3.7 ಕಿ.ಮೀ., ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿ.ಮೀ., ನೋಯ್ಡಾದ್ದು 5.125 ಕಿ.ಮೀ. ವಾಶಿ ಕ್ಯಾಲ್ಕುಲೇಟರ್ ಒತ್ತಿ ನೋಡಿದ. ಚೆನ್ನೈಯ 3.7 ಕಿಲೋಮೀಟರ್ ಸುತ್ತುವುದಕ್ಕೆ ಸಾವಿರದ ಮುನ್ನೂರು ಕಿಲೋಮೀಟರ್ ಕಾರನ್ನು ಲಾರಿಯಲ್ಲಿ ಹೊರಿಸಬೇಕು. ಲೋಣಾವಳದ ಆಚೆ ಆ್ಯಂಬಿ ವ್ಯಾಲಿಯ ಏರ್‌ಸ್ಟ್ರಿಪ್ಪಿನಲ್ಲಿ ಡ್ರ್ಯಾಗ್ ರೇಸಿದೆ, ಹತ್ತಿರ. ಆದರೆ ಅದು ನೇರ ಓಟ, ಕಾಲು ಮೈಲಿ, 402 ಮೀಟರ್. ಒಳ್ಳೆಯ ಕಾರಾದರೆ ಹನ್ನೆರಡು ಹದಿಮೂರು ಸೆಕೆಂಡಿನಲ್ಲಿ ಮುಗಿಯಿತು. ಕಾರ್ಯದರ್ಶಿಗೆ ಇದು ಸರಿಬರಲಿಲ್ಲ. "ಅಷ್ಟರಲ್ಲಿ ಸ್ವಾಗತ ಭಾಷಣವೂ ಮುಗಿಯುವುದಿಲ್ಲ," ಎಂದ. ಅವನ ಸ್ವಾಗತ ಭಾಷಣ ಕೇಳಿದವರಾರೂ ಇದನ್ನು ಅಲ್ಲಗಳೆಯಲಾರರು.

ಹಾಗಾಗಿ ತಂಡ ಬಂದು ನಿಂತದ್ದು ಟಿಎಸ್‌ಡಿ ರ‍್ಯಾಲಿಗೆ. ಟೈಮ್, ಸ್ಪೀಡ್, ಡಿಸ್ಟನ್ಸ್. ಮುಂಬಯಿಗೆ ರ‍್ಯಾಲಿ ಹೊಸದಲ್ಲ. 1980ರಲ್ಲಿ ಹಿಮಾಲಯನ್ ರ‍್ಯಾಲಿ ಆರಂಭಿಸಿದ ನಾಜಿರ್ ಹುಸೇನ್ ಈ ಊರಿನವರೇ. ಕೀನ್ಯಾದ ಚಾಲಕರು ಬಂದು ನಮ್ಮ ಬೆಟ್ಟಗಳಲ್ಲಿ ಧೂಳೆಬ್ಬಿಸಿ ಗೆದ್ದುಹೋದ ಕಾಲ ಅದು. ಟಿಎಸ್‌ಡಿ ಅದರ ಸಾಧು ತಮ್ಮ. ಇದರಲ್ಲಿ ವೇಗವಾಗಿ ಹೋಗುವವನು ಸೋಲುತ್ತಾನೆ. ಇಂತಿಷ್ಟು ದೂರವನ್ನು ಇಂತಿಷ್ಟು ಸರಾಸರಿಯಲ್ಲಿ ಕ್ರಮಿಸಬೇಕು. ಗಂಟೆಗೆ 36 ಕಿ.ಮೀ. ಅಂದರೆ ಒಂದು ಕಿಲೋಮೀಟರಿಗೆ 100 ಸೆಕೆಂಡ್, ಅಷ್ಟೇ. ತಡವಾದರೆ ದಂಡ. ಮುಂಚೆ ಮುಟ್ಟಿದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ದಂಡ. ನಡುವೆ ಎಲ್ಲೋ ಮರದ ಕೆಳಗೆ ಗಡಿಯಾರ ಹಿಡಿದ ಮಾರ್ಷಲ್ ಕೂತಿರುತ್ತಾನೆ, ಎಲ್ಲಿ ಎಂದು ಯಾರಿಗೂ ಹೇಳುವುದಿಲ್ಲ. ಮೂರನೇ ಗೇರು ಎಂಬುದೊಂದಿದೆ ಎಂದು ಹೈವೇಗೆ ಹೋದಾಗಲಷ್ಟೇ ನೆನಪಾಗುವ ಮುಂಬಯಿ ಚಾಲಕರಿಗೆ ಇದಕ್ಕಿಂತ ಸಹಜವಾದ ಆಟವುಂಟೆ?

ಕೊನೆಗೆ ಕಾರು ಬಂತು. ಸೆಕೆಂಡ್ ಹ್ಯಾಂಡ್ ಮಾರುತಿ 800. ಇಂಜಿನ್ 796 ಸಿಸಿ, 37 ಕುದುರೆಗಳ ಬಲ. ಸಮಿತಿಯಲ್ಲಿ ಅಷ್ಟರೊಳಗೆ 41 ಜನರಿದ್ದರು. ಬೇಕಾದ ಸಾಮಾನಿಗೆಂದು ಕುರ್ಲಾದ ಸಿಎಸ್‌ಟಿ ರೋಡಿನ ಗುಜರಿ ಅಂಗಡಿಗಳನ್ನು ಸುತ್ತಿದ್ದಾಯಿತು. ಭಾರ ಇಳಿಸಬೇಕೆಂದು ಗ್ಯಾರೇಜಿನ ಉಸ್ತಾದ್ ಹಿಂದಿನ ಸೀಟು, ಕಾಲಡಿಯ ಮ್ಯಾಟು, ಸ್ಟೆಪ್ನಿಯ ಮುಚ್ಚಳ ಎಲ್ಲ ಕಿತ್ತ. ಎರಡು ದಿನ ಬಿಟ್ಟು ಬಂದು ನೋಡುತ್ತಾನೆ, ಆ ಜಾಗದಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಒಂದು ಗೋಣಿ ಎಳನೀರು, ಬಹುಮಾನ ವಿತರಣೆಗೆ ಬೇಕಾಗಬಹುದೆಂದು ಮಡಚಿಟ್ಟ ಬ್ಯಾನರು, ಮೈಕ್ ಸೆಟ್ಟು. ಉಸ್ತಾದ್ ಕಾರನ್ನು ಒಂದು ಸುತ್ತು ಹಾಕಿ ಹೇಳಿದ: "ಅಣ್ಣಾ, ಯೇ ರೇಸ್ ಕಾ ಗಾಡಿ ನಹೀ, ಶಾದಿ ಕಾ ಟೆಂಪೋ ಹೈ."

ಪ್ರಾಯೋಜಕರದು ಇನ್ನೊಂದು ಪುರಾಣ. ಕೇಟರರ್, ಮಂಟಪ ಅಲಂಕಾರದವರು, ಊರಿಗೆ ಬಸ್ಸು ಬಿಡುವವರು, ಚಿನ್ನದಂಗಡಿ, ಪತ್ತಿನ ಸಹಕಾರ ಸಂಘ. ಹೊರಗಿನ ರೇಸ್ ಕಾರುಗಳ ಮೇಲೆ ಕಂಪನಿಯ ಹೆಸರಷ್ಟೇ ಇರುತ್ತದೆ. ನಮ್ಮಲ್ಲಿ ದಾನಿಗಳ ಫೋಟೋ ಇಲ್ಲದೆ ದಾನವಾಗುವುದಿಲ್ಲ. ಬಾನೆಟ್ಟಿನ ಮೇಲೆ ಗೌರವಾಧ್ಯಕ್ಷರು ಕೈಮುಗಿದು ನಿಂತರು, ಎಡಬಾಗಿಲಲ್ಲಿ ಕೇಟರರ್ ದಂಪತಿ. ಹಿಂದಿನ ಗಾಜನ್ನು ಸಹಕಾರ ಸಂಘದ ನಿರ್ದೇಶಕ ಮಂಡಳಿ ಪೂರ್ತಿ ಮುಚ್ಚಿತು. ಹಿಂದೆ ಯಾರು ಬರುತ್ತಿದ್ದಾರೆ ಎಂದು ಡೊಂಬಿವಲಿಗೆ ಕಾಣುವುದಿಲ್ಲ ಎಂಬ ಆಕ್ಷೇಪ ಬಂದಾಗ ಕಾರ್ಯದರ್ಶಿಯ ಉತ್ತರ ಸಿದ್ಧವಿತ್ತು. "ರೇಸಿನಲ್ಲಿ ಹಿಂದೆ ಯಾಕೆ ನೋಡ್ತಿ ಮಾರಾಯ?"

ಮೊದಲ ರ‍್ಯಾಲಿ ಪನ್ವೇಲಿನಿಂದ ಕರ್ಜತ್ ಕಡೆಗೆ, ಮಳೆಗಾಲದಲ್ಲಿ. ದಾರಿ ಹೇಳುವ ನ್ಯಾವಿಗೇಟರ್ ಆಗಿ ಮುಲುಂಡ್. ಕೈಗೆ ಕೊಡುವ ಪುಸ್ತಕದಲ್ಲಿ ಊರುಗಳ ಹೆಸರಿರುವುದಿಲ್ಲ. ಒಂದು ಚುಕ್ಕೆ, ಒಂದು ಬಾಣ, ತಿರುವಿನ ರೇಖೆ, ಪಕ್ಕದಲ್ಲಿ ದೂರ, ಇಷ್ಟೇ. ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಯಲ್ಲಿ ಶುರುವಾದ ಪದ್ಧತಿಯಾದ್ದರಿಂದ ಅದಕ್ಕೆ ಟ್ಯೂಲಿಪ್ ಎಂದೇ ಹೆಸರು. ಮುಲುಂಡ್ ಪುಸ್ತಕವನ್ನು ಒಮ್ಮೆ ನೋಡಿ ಮುಚ್ಚಿ ತೊಡೆಯ ಮೇಲಿಟ್ಟ. "ಈ ರೋಡು ನನಗೆ ಗೊತ್ತು," ಎಂದ. ಕಾರಿನ ಮೀಟರು ಸಂಘಟಕರ ಅಳತೆಗಿಂತ ಹತ್ತು ಕಿಲೋಮೀಟರಿಗೆ ನಾನ್ನೂರು ಮೀಟರ್ ಹೆಚ್ಚು ತೋರಿಸುತ್ತಿತ್ತು. ಅದನ್ನು ಪ್ರತಿ ಲೆಕ್ಕದಲ್ಲೂ ಕಳೆಯಬೇಕು. ಸಂಘಟಕರಿಗೇ ಒಂದು ಮನವಿ ಸಲ್ಲಿಸಿ ಅವರ ಅಳತೆ ತಿದ್ದಿಸುವುದು ಒಳ್ಳೆಯದೆಂದು ಕಾರ್ಯದರ್ಶಿ ಅಭಿಪ್ರಾಯಪಟ್ಟ.

ಅವನು ತಾನು ಕಾರಿನಲ್ಲಿ ಕೂರುವವನಲ್ಲ. ಬಾಡಿಗೆ ಇನ್ನೋವಾದಲ್ಲಿ ಇಡ್ಲಿ, ಚಟ್ನಿ, ಆರು ಪದಾಧಿಕಾರಿಗಳೊಂದಿಗೆ ಮುಂದೆ ಹೋಗಿ, ಊರಿನ ಕಂಬಳದಲ್ಲಿ ಓಟ ಮುಗಿಯುವ ಮಂಜೊಟ್ಟಿಯ ಬಳಿ ಮುಂಡಾಸು ಕಟ್ಟಿ ನಿಲ್ಲುವ ಕೋಣದ ಯಜಮಾನನ ಹಾಗೆ ನಿಲ್ಲುತ್ತಾನೆ. ನಿಂತವನು ಐದೈದು ನಿಮಿಷಕ್ಕೆ ಫೋನ್ ಹಚ್ಚುತ್ತಾನೆ. "ಎಲ್ಲಿ ಮುಟ್ಟಿದ್ರಿ? ಇಡ್ಲಿ ತಣ್ಣಗಾಗ್ತಾ ಉಂಟು!" ಇಡ್ಲಿಯ ಮೇಲಿನ ಗೌರವದಿಂದ ಡೊಂಬಿವಲಿ ಆಕ್ಸಿಲರೇಟರ್ ಒತ್ತಿದ. ಹನ್ನೊಂದು ನಿಮಿಷ ಮುಂಚೆ ಮುಟ್ಟಿದರು. ಪದಾಧಿಕಾರಿಗಳು ಚಪ್ಪಾಳೆ ತಟ್ಟಿದರು, ಮಾರ್ಷಲ್ ದಂಡ ಬರೆದುಕೊಂಡ. ಫಲಿತಾಂಶದ ಹಾಳೆಯನ್ನು ಕೆಳಗಿನಿಂದ ಓದಿದರೆ ನಮ್ಮವರು ನಾಲ್ಕನೆಯವರು, ಮತ್ತು ಕಾರ್ಯದರ್ಶಿ ವಾರ್ಷಿಕ ವರದಿಯಲ್ಲಿ ಹಾಗೆಯೇ ಬರೆದ. ಕೆಳಗಿನಿಂದ ಎಂಬ ಪದಕ್ಕೆ ಮಾತ್ರ ಜಾಗ ಸಾಲಲಿಲ್ಲ.

ತಂಡ ನಿಜವಾಗಿ ಗಾಡಿ ಓಡಿಸಿದ್ದು ಒಂದೇ ಸಲ. ಮುಂಬಯಿಯಲ್ಲಿ ಅಂಧರು ನ್ಯಾವಿಗೇಟರ್ ಆಗುವ ಕಾರು ರ‍್ಯಾಲಿಗಳು ನಡೆಯುತ್ತವೆ. ದಾರಿಯ ಸೂಚನೆಗಳು ಬ್ರೈಲ್ ಲಿಪಿಯಲ್ಲಿರುತ್ತವೆ. ಅವರು ಬೆರಳಾಡಿಸಿ ಓದಿ ಹೇಳಬೇಕು, ಕಣ್ಣಿದ್ದವನು ಕೇಳಿ ಓಡಿಸಬೇಕು. ಡೊಂಬಿವಲಿಯ ಪಕ್ಕಕ್ಕೆ ಬಂದು ಕೂತವರು ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದ ಮರಾಠಿ ಹಿರಿಯರು. ಎಲ್ಲರೂ ಕಾಕಾ ಎಂದರು. ಕಾಕಾ ಬಾಗಿಲು ಹಾಕಿಕೊಂಡು, ಕಾರ್ಡನ್ನು ಮಡಿಲಲ್ಲಿಟ್ಟು, ಬೆರಳನ್ನು ಮೊದಲ ಸಾಲಿಗೆ ತಂದು, "ಗಂಟೆ ಎಷ್ಟು? ಸೆಕೆಂಡ್ ಸಮೇತ ಹೇಳಿ," ಎಂದರು. ನಮ್ಮ ತಂಡದಲ್ಲಿ ಸೆಕೆಂಡ್ ಕೇಳಿದ ಮೊದಲ ವ್ಯಕ್ತಿ ಅವರು.

ಸಾಯನ್ ಸರ್ಕಲ್ ದಾಟುವ ಮೊದಲೇ ಫೋನ್ ಬಡಿದುಕೊಂಡಿತು.

"ಯಾರದು?"

"ನಮ್ಮ ಸೆಕ್ರೆಟರಿ, ಕಾಕಾ."

ಕಾಕಾ ಕಾರ್ಡಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಬೆರಳಾಡಿಸಿದರು. "ಇದರಲ್ಲಿ ಅವರಿಲ್ಲ," ಎಂದರು. ಫೋನ್ ಡ್ಯಾಶ್‌ಬೋರ್ಡಿನ ಡಬ್ಬಿಗೆ ಹೋಯಿತು. ಮುಂದೆಲ್ಲ ಬೆರಳು ಮತ್ತು ಕಿವಿ. "ಸ್ಪೀಡ್ ಬ್ರೇಕರ್ ಎರಡಾಯಿತು. ಈಗ ಸೇತುವೆ ಏರಿದೆವು, ಟೈರಿನ ಸದ್ದು ಬೇರೆಯಾಯಿತು. ಇಳಿದ ಮೇಲೆ ಎಡಕ್ಕೆ. ಅವಸರ ಬೇಡ, ನಲವತ್ತು ಸೆಕೆಂಡ್ ಕೈಯಲ್ಲಿದೆ." ಅತ್ತ ಇನ್ನೋವಾದಲ್ಲಿ ಕಾರ್ಯದರ್ಶಿ ಹತ್ತೊಂಬತ್ತು ಸಲ ಫೋನ್ ಮಾಡಿ, ಅಪಘಾತವೇ ಆಗಿರಬೇಕೆಂದು ತೀರ್ಮಾನಿಸಿ, ಪರಿಹಾರ ನಿಧಿಗೆ ಉಪಸಮಿತಿ ರಚಿಸುತ್ತಿದ್ದ. ಅಷ್ಟರಲ್ಲಿ ಕಾರು ಬಂದು ನಿಂತಿತು. ಎಂಟನೆಯ ಸ್ಥಾನ. ಮೇಲಿನಿಂದ.

ಎಂಟನೆಯ ಸ್ಥಾನ ಬಂದ ಮೇಲೆ ಸನ್ಮಾನ ಸಮಾರಂಭ ಆಗಲೇಬೇಕಲ್ಲ. ಮಾಟುಂಗಾದ ಒಂದು ಸಭಾಭವನ, ಪ್ರಾರ್ಥನೆ, ದೀಪ ಬೆಳಗುವಿಕೆ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪ್ರಾಸ್ತಾವಿಕ ಮಾತಿನಲ್ಲಿ ಕಾರ್ಯದರ್ಶಿ ಗಾಲಿಯ ಆವಿಷ್ಕಾರದಿಂದ ಶುರುಮಾಡಿದ. ಕಾಕಾ ಪಕ್ಕದಲ್ಲಿದ್ದ ವಾಶಿಯನ್ನು ಮೆಲ್ಲಗೆ ಕೇಳಿದರು: "ಆಮಂತ್ರಣದಲ್ಲಿ ಮುಕ್ತಾಯ ಎಷ್ಟು ಗಂಟೆಗೆ?" "ಒಂಬತ್ತಕ್ಕೆ." "ಈಗ?" "ಒಂಬತ್ತು ನಲವತ್ತು." "ಭಾರಿ ಪೆನಾಲ್ಟಿ," ಎಂದು ಕಾಕಾ ಬುಟ್ಟಿಯಿಂದ ಒಂದು ಮೋಸಂಬಿ ತೆಗೆದು ಸುಲಿಯತೊಡಗಿದರು.

ಧನ್ಯವಾದ ಸಮರ್ಪಣೆ ಮುಗಿದು ಹೊರಗೆ ಬಂದರೆ ಕಾರಿಲ್ಲ. ನೋ ಪಾರ್ಕಿಂಗಿನಲ್ಲಿದ್ದ ಸಾಧಕ ವಾಹನವನ್ನು ಟೋಯಿಂಗ್ ಗಾಡಿ ಎಳೆದುಕೊಂಡು ಹೋಗಿತ್ತು. ಬಾನೆಟ್ಟಿನ ಮೇಲೆ ಕೈಮುಗಿದ ಗೌರವಾಧ್ಯಕ್ಷರೂ ಜತೆಗೇ ಹೋಗಿದ್ದರು. ಕಾರ್ಯದರ್ಶಿ ಪೇಟ, ಶಾಲು, ಹಾರ ಸಮೇತ ಟ್ಯಾಕ್ಸಿ ಹಿಡಿದು ಚೌಕಿಗೆ ಓಡಿದ. ದಂಡ ಕಟ್ಟಿದ. ರಸೀದಿಯನ್ನು ಎರಡು ಸಲ ಓದಿ, 'ಸಾಗಾಟ ವೆಚ್ಚ' ಎಂದು ಹಿಂದೆ ಬರೆದು ವಾಶಿಗೆ ಕೊಟ್ಟ. ಆಮೇಲೆ ಟೋಯಿಂಗ್ ಗಾಡಿಯ ಡ್ರೈವರ್ ಹುಡುಗನ ಹತ್ತಿರ ಹೋದ.

"ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತು ಹಿಡಿಯಿತು?"

"ಏಳು ಮಿನಿಟ್, ಸೇಠ್."

"ಈ ಟ್ರಾಫಿಕ್ಕಿನಲ್ಲಿ? ನಮ್ಮ ಗಾಡಿ ಕಟ್ಟಿಕೊಂಡು?"

ಡೊಂಬಿವಲಿ ತಲೆ ತಗ್ಗಿಸಿ ನಿಂತಿದ್ದ. ಕಾರ್ಯದರ್ಶಿ ತನ್ನ ಕೊರಳಿನ ಹಾರ ತೆಗೆದು ಆ ಹುಡುಗನಿಗೆ ಹಾಕಿ, ಜುಬ್ಬಾದ ಜೇಬಿನಿಂದ ಸದಸ್ಯತ್ವದ ಅರ್ಜಿ ಹೊರತೆಗೆದ.